ಡಬ್ಬಿಂಗ್ ವಿರೋಧದಿಂದ ಉಳಿದದ್ದು ಯಾರ ಕನ್ನಡ?

ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದು ನಮ್ಮ ಚಿತ್ರರಂಗ ಸುಮಾರು ಐವತ್ತು ವರ್ಷ ಹೇಳಿಕೊಂಡು ಬಂತು. 1960ರ ದಶಕದಲ್ಲಿ ಅನಕೃ, ಡಾ. ರಾಜಕುಮಾರ್ ಮೊದಲಾದವರು ಡಬ್ಬಿಂಗನ್ನು ವಿರೋಧಿಸಿದಾಗ ಅದರಲ್ಲಿ ನ್ಯಾಯವಿತ್ತು. ಮದ್ರಾಸಿನ ಸ್ಟುಡಿಯೋಗಳ ನೆರಳಲ್ಲಿದ್ದ ಕನ್ನಡ ಕಲಾವಿದರು ಮತ್ತು ಕಾರ್ಮಿಕರ ಅನ್ನದ ಪ್ರಶ್ನೆ ಅದಾಗಿತ್ತು. ಆದರೆ ಸಸಿಗೆಂದು ಕಟ್ಟಿದ ಬೇಲಿಯನ್ನು ಮರ ಬೆಳೆದ ಮೇಲೂ ಕೀಳಲಿಲ್ಲ. ಈ ನಿಷೇಧಕ್ಕೆ ಯಾವ ಕಾನೂನೂ ಇರಲಿಲ್ಲ; ಇದ್ದದ್ದು ಉದ್ಯಮದವರ ಕಟ್ಟಪ್ಪಣೆ ಮಾತ್ರ.

ಇದರಿಂದ ನಷ್ಟವಾದದ್ದು ಯಾರಿಗೆ? ಇಂಗ್ಲಿಷ್ ಬಲ್ಲ ಬೆಂಗಳೂರಿಗನಿಗಲ್ಲ. ಅವನು ಜಗತ್ತಿನ ಯಾವ ಚಿತ್ರವನ್ನಾದರೂ ಇಂಗ್ಲಿಷ್ ಅಡಿಬರಹದೊಂದಿಗೆ ನೋಡಬಲ್ಲ. ನಷ್ಟವಾದದ್ದು ಮಲಪ್ರಭೆಯ ದಂಡೆಯ ರಾಮದುರ್ಗದಂತಹ ಊರಿನ ನೇಕಾರರಿಗೆ, ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ, ಕನ್ನಡ ಶಾಲೆಯ ಮಕ್ಕಳಿಗೆ. ಕುಮಾರವ್ಯಾಸನ ನಾಡಿನ ಈ ಜನ 1988ರಲ್ಲಿ ದೂರದರ್ಶನದ 'ಮಹಾಭಾರತ'ವನ್ನು ಹಿಂದಿಯಲ್ಲೇ ನೋಡಬೇಕಾಯಿತು. 2012ರಲ್ಲಿ ಅಮೀರ್ ಖಾನರ 'ಸತ್ಯಮೇವ ಜಯತೇ' ಹೆಣ್ಣು ಭ್ರೂಣಹತ್ಯೆಯ ಬಗ್ಗೆ ಮರಾಠಿ, ತೆಲುಗು, ತಮಿಳು ಮನೆಗಳಲ್ಲಿ ಅವರವರ ನುಡಿಯಲ್ಲೇ ಮಾತಾಡಿತು. ಕನ್ನಡದ ಕಿರುತೆರೆಯಲ್ಲಿ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ. ಕನ್ನಡವನ್ನು ಉಳಿಸುವ ಹೆಸರಿನಲ್ಲಿ ಕನ್ನಡಿಗನಿಗೆ ಹಿಂದಿ ಕಲಿಸಿದ ಜಾಣ್ಮೆಯನ್ನು ಏನೆಂದು ಕರೆಯೋಣ?

ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ಪ್ರತಿಭಟನೆಗಳ ನಡುವೆಯೇ ತೆರೆಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಕಿರುತೆರೆಯ ಬಾಗಿಲೂ ತೆರೆಯಿತು. ಕನ್ನಡ ಸತ್ತಿತೇ? ಇಲ್ಲ. ಬದಲಿಗೆ 2022ರಲ್ಲಿ 'ಕೆಜಿಎಫ್ 2' ಮತ್ತು 'ಕಾಂತಾರ' ಹಿಂದಿ, ತೆಲುಗು, ತಮಿಳಿಗೆ ಡಬ್ ಆಗಿ ಕೋಟಿ ಕೋಟಿ ಗಳಿಸಿದವು. ನಮ್ಮ ಚಿತ್ರ ಅವರ ನುಡಿಗೆ ಹೋದರೆ ಹೆಮ್ಮೆ, ಅವರ ಚಿತ್ರ ನಮ್ಮ ನುಡಿಗೆ ಬಂದರೆ ಅಪಾಯ! ಇದು ಭಾಷಾಪ್ರೇಮವಲ್ಲ, ವ್ಯಾಪಾರ. ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಕನ್ನಡ ಕಾವ್ಯ ಮುಳುಗಲಿಲ್ಲ. ಹೊಸ ಹುಟ್ಟು ಪಡೆಯಿತು.

ಬಾಗಿಲೇನೋ ತೆರೆಯಿತು, ಒಳಗೆ ಬಂದವರು ಯಾರು? ಕತ್ತಿ ಝಳಪಿಸುವ, ಕಾರು ಹಾರಿಸುವ ನಾಯಕರು. ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ಬರಲಿಲ್ಲ. ಅಣ್ಣತಂಗಿಯರು ಒಂದೇ ಜೊತೆ ಶೂಗಳನ್ನು ಹಂಚಿಕೊಂಡು ಶಾಲೆಗೆ ಓಡುವ ಆ ಇರಾನಿ ಚಿತ್ರ ಬಡವರ ಮನೆಯ ಮಕ್ಕಳಿಗೆ ಅರ್ಥವಾದಷ್ಟು ಇನ್ನಾರಿಗೆ ಅರ್ಥವಾದೀತು? ಇರಾನ್ ಎಂದರೆ ಬಾಂಬು ಮತ್ತು ಗಡ್ಡ ಎಂದಷ್ಟೇ ಟಿವಿ ವಾರ್ತೆಗಳಿಂದ ತಿಳಿದ ಮಗುವಿಗೆ, ಅಲ್ಲಿಯೂ ತನ್ನಂಥದೇ ಒಂದು ಮನೆ ಇದೆ ಎಂದು ಆ ಚಿತ್ರ ತೋರಿಸುತ್ತದೆ. "ಅಪ್ಪಗ ಹೇಳಬ್ಯಾಡವ್ವಾ" ಎಂದು ಅಲಿ ತನ್ನ ತಂಗಿಯನ್ನು ರಾಮದುರ್ಗದ ನುಡಿಯಲ್ಲಿ ಬೇಡಿಕೊಂಡರೆ ಯಾವ ವಾರ್ತಾವಾಹಿನಿಯ ದ್ವೇಷ ತಾನೇ ನಿಂತೀತು? ಡಬ್ಬಿಂಗ್ ಕನ್ನಡವೆಂದರೆ ಬೆಂಗಳೂರಿನ ಪುಸ್ತಕದ ಕನ್ನಡವೇ ಆಗಬೇಕೆಂಬ ನಿಯಮವನ್ನೂ ಯಾರೂ ಬರೆದಿಲ್ಲ.

ಮಾರುಕಟ್ಟೆ ಇಂತಹ ಚಿತ್ರಗಳನ್ನು ತರುವುದಿಲ್ಲ, ಅದರಲ್ಲಿ ಲಾಭವಿಲ್ಲ. ಸರಕಾರ ತರಬೇಕು. ಚಲನಚಿತ್ರ ಅಕಾಡೆಮಿಯ ಅಂತಾರಾಷ್ಟ್ರೀಯ ಚಿತ್ರೋತ್ಸವ ನಡೆಯುವುದು ರಾಮದುರ್ಗದಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅಲ್ಲಿನ ವಿದೇಶಿ ಚಿತ್ರಗಳ ಅಡಿಬರಹ ಇಂಗ್ಲಿಷಿನಲ್ಲಿ. ತೆರಿಗೆ ಎಲ್ಲರದು, ಹಬ್ಬ ಕೆಲವರದು! ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವ ಸರಕಾರ ವರ್ಷಕ್ಕೆ ಹತ್ತು ಒಳ್ಳೆಯ ವಿದೇಶಿ ಚಿತ್ರಗಳ ಹಕ್ಕು ಕೊಂಡು, ದೊಡ್ಡವರಿಗೆ ಕನ್ನಡ ಅಡಿಬರಹ, ಮಕ್ಕಳಿಗೆ ಕನ್ನಡ ಧ್ವನಿ ಕೊಟ್ಟು, ತಾಲೂಕು ಕೇಂದ್ರಗಳಲ್ಲಿ, ಶಾಲೆಗಳಲ್ಲಿ ತೋರಿಸಲಿ. ಧ್ವನಿ ಕಲಾವಿದರಿಗೂ ಅನುವಾದಕರಿಗೂ ಕೆಲಸ ಸಿಗುತ್ತದೆ.

ಮಂಡ್ಯದ ಹಳ್ಳಿಯ ಕಥೆ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. ಅಲ್ಲಿಯವರು ನಮ್ಮ ಹಳ್ಳಿಯನ್ನು ತಮಗೆ ತಿಳಿಯುವ ಭಾಷೆಯ ಅಡಿಬರಹದಲ್ಲಿ ಓದಿ ನಕ್ಕರು, ಮೆಚ್ಚಿದರು. ಅವರ ಹಳ್ಳಿಯನ್ನು ನಮ್ಮ ಭಾಷೆಯಲ್ಲಿ ನೋಡುವ ಹಕ್ಕು ನಮ್ಮ ಹಳ್ಳಿಯವನಿಗಿಲ್ಲವೇ? ಜಗತ್ತನ್ನು ತೋರಿಸಲಾರದ ಭಾಷೆಯನ್ನು ಮಕ್ಕಳು ತಾವಾಗಿಯೇ ಬಿಟ್ಟು ಹೋಗುತ್ತಾರೆ. ಕನ್ನಡಕ್ಕಿರುವ ನಿಜವಾದ ಅಪಾಯ ಅದೇ.