ಹದಿನೈದಕ್ಕೂ ಐವತ್ತಕ್ಕೂ ನಡುವೆ

ಜಪಾನಿನ ಹಳೆಯ ಕಾರೊಂದನ್ನು ಮನೆಯಂಗಳದಲ್ಲಿ ಬಿಚ್ಚಲು ಹೊರಟವನಿಗೆ ಮೊದಲು ತಡೆಯೊಡ್ಡುವುದು ಎಂಜಿನ್ ಅಲ್ಲ, ಒಂದು ಸ್ಕ್ರೂ. ಕಾರ್ಬ್ಯುರೇಟರಿನ ಮೇಲಿರುವ ಆ ಸ್ಕ್ರೂವಿನ ತಲೆಯಲ್ಲಿ ಅಧಿಕ ಚಿಹ್ನೆಯ ಗೀರು ಇರುತ್ತದೆ. ನಮ್ಮ ಮನೆಗಳಲ್ಲಿರುವ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಸರಿಯಾಗಿಯೇ ಕುಳಿತಂತೆ ತೋರುತ್ತದೆ; ಬಲ ಹಾಕಿದೊಡನೆ ಮೇಲೆದ್ದು ಜಾರಿ, ಗೀರನ್ನು ಸವೆಸಿಬಿಡುತ್ತದೆ. ಅದು ಜಪಾನಿನ ಕೈಗಾರಿಕಾ ಮಾನಕವಾದ ಜೆಐಎಸ್ ಪ್ರಕಾರ ಕೊರೆದ ಗೀರು; ಅದಕ್ಕೆ ಅದರದೇ ಸ್ಕ್ರೂಡ್ರೈವರ್ ಬೇಕು. ಗುರುತಿಗೆಂದು ಅನೇಕ ಸ್ಕ್ರೂಗಳ ತಲೆಯ ಮೇಲೆ ಸಣ್ಣದೊಂದು ಚುಕ್ಕೆಯೂ ಇರುತ್ತದೆ. ಎಂಬತ್ತರ ದಶಕದಲ್ಲಿ ಜಪಾನಿ ಸಹಯೋಗದಲ್ಲಿ ಬಂದ ಬೈಕುಗಳನ್ನು ಕಂಡವರಿಗೆ, ಉಳಿ ಸುತ್ತಿಗೆಯ ಪೆಟ್ಟು ತಿಂದು ವಿರೂಪಗೊಂಡ ಸ್ಕ್ರೂಗಳ ನೆನಪಿರಬಹುದು. ತಪ್ಪು ಸ್ಕ್ರೂವಿನದಾಗಿರಲಿಲ್ಲ.

ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿ ಬಾಳುವ ನಮಗೆ ಇಂಥ ಕಾರೂ ಇಲ್ಲ, ಅದನ್ನು ಬಿಚ್ಚಿ ಹರವಲು ಅಂಗಳವೂ ಇಲ್ಲ. ಆದರೂ ಈ ವಿಷಯದಲ್ಲಿ ನಮಗೊಂದು ಅಭಿಪ್ರಾಯವಿದೆ. ಹಳೆಯ ಯಂತ್ರವನ್ನು ಉಳಿಸುವುದು ಮೂಲತಃ ಮನೆಯ ಕೆಲಸ. ಅದನ್ನು ಸಂಗ್ರಹಾಲಯಕ್ಕೂ ಸಿರಿವಂತರ ಗೋದಾಮಿಗೂ ಬಿಟ್ಟುಕೊಡಬಾರದು. ಆ ಮನೆಗೆಲಸ ಸಾಗಬೇಕಾದರೆ ತಯಾರಕರಿಗೂ ಸರ್ಕಾರಗಳಿಗೂ ಕೆಲವು ಕರ್ತವ್ಯಗಳಿವೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. 1969ರ ಕೊನೆಯಲ್ಲಿ ನಿಸ್ಸಾನ್ ಬಿಡುಗಡೆ ಮಾಡಿದ ಫೇರ್‌ಲೇಡಿ ಝಡ್, ಅಮೆರಿಕದಲ್ಲಿ ಡಾಟ್ಸನ್ 240ಝಡ್ ಎಂಬ ಹೆಸರಿನಲ್ಲಿ ಸುಮಾರು 3,500 ಡಾಲರಿಗೆ ಮಾರಾಟವಾಯಿತು. ಆರು ಸಿಲಿಂಡರುಗಳ, 2.4 ಲೀಟರಿನ ಆ ಎಂಜಿನ್ ಗಟ್ಟಿಮುಟ್ಟಾದದ್ದು. ಕಾರನ್ನು ಕೊಂದದ್ದು ತುಕ್ಕು. ಬ್ಯಾಟರಿ ಇಡುವ ತಟ್ಟೆಯ ಕೆಳಗೆ ಆಮ್ಲ ಸೋರಿ, ಅದರಡಿಯ ಚೌಕಟ್ಟಿನ ಕಂಬಿಯನ್ನೇ ತಿಂದುಹಾಕುತ್ತದೆ. ಮೇಲಿನಿಂದ ನೋಡಿದರೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ಬೆರಳಿಟ್ಟರೆ ಒಳಹೋಗುತ್ತದೆ. ಕಾರನ್ನು ಕೊಳ್ಳುವ ಮೊದಲು ನೆಲದ ಮೇಲೆ ಅಂಗಾತ ಮಲಗಿ ನೋಡಬೇಕು ಎಂದು ಬಲ್ಲವರು ಹೇಳುವುದು ಅದಕ್ಕೇ. ಬಳಿಕ ಕತ್ತರಿಸಬೇಕು, ಹೊಸ ತಗಡನ್ನು ಅಳತೆಗೆ ಬಗ್ಗಿಸಬೇಕು, ಬೆಸೆಯಬೇಕು. ತುಕ್ಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಯುವುದು ಜೀರ್ಣೋದ್ಧಾರವಲ್ಲ. ಹಳೆಯ ಗುಡಿಯ ಕಲ್ಲುಕಂಬಗಳಿಗೆ ಆಯಿಲ್ ಪೇಂಟ್ ಹೊಡೆದು, ಚಪ್ಪಡಿ ನೆಲಕ್ಕೆ ಟೈಲ್ಸ್ ಹಾಸಿ ‘ಜೀರ್ಣೋದ್ಧಾರ’ ಎಂದು ಫಲಕ ಹಾಕುವುದನ್ನು ನಾವು ಊರುಗಳಲ್ಲಿ ಸಾಕಷ್ಟು ಕಂಡಿದ್ದೇವೆ. ಕಾರುಗಳಲ್ಲೂ ಆ ಸಂಪ್ರದಾಯದವರು ಕಡಿಮೆಯಿಲ್ಲ.

ಮಾಜ್ದಾ ಕಂಪನಿಯ ರೋಟರಿ ಎಂಜಿನ್ ಇನ್ನೊಂದು ಬಗೆಯ ಶಿಕ್ಷಣ. ಅದರಲ್ಲಿ ಪಿಸ್ಟನ್‌ಗಳಿಲ್ಲ, ವಾಲ್ವ್‌ಗಳೂ ಇಲ್ಲ. ಉಬ್ಬಿದ ಅಂಚುಗಳ ತ್ರಿಕೋನದಂಥ ರೋಟರೊಂದು ಅಂಡಾಕಾರದ ಗೂಡಿನೊಳಗೆ ಸುತ್ತುತ್ತದೆ. ತ್ರಿಕೋನದ ಮೂರು ತುದಿಗಳಲ್ಲೂ ಅನಿಲ ಸೋರದಂತೆ ತಡೆಯುವ ಸೀಲ್ ಪಟ್ಟಿಗಳು. ಅರವತ್ತರ ದಶಕದ ಆರಂಭದಲ್ಲಿ ಈ ಪಟ್ಟಿಗಳು ನಡುಗಿ ಗೂಡಿನ ಗೋಡೆಯ ಮೇಲೆ ಗೀರುಗಳನ್ನು ಎಳೆಯುತ್ತಿದ್ದವು. ಹಿರೋಷಿಮಾದ ಎಂಜಿನಿಯರುಗಳು ಅವುಗಳನ್ನು ದೆವ್ವದ ಉಗುರಿನ ಗುರುತುಗಳೆಂದು ಕರೆದರು. ಕೆನಿಚಿ ಯಾಮಾಮೊಟೊ ಅವರ ನೇತೃತ್ವದ ತಂಡ ಆ ಗುರುತುಗಳೊಡನೆ ವರ್ಷಗಟ್ಟಲೆ ಸೆಣಸಿದ ಮೇಲೆ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗಿಳಿಯಿತು. 1978ರಲ್ಲಿ ಬಂದ ಆರ್‌ಎಕ್ಸ್-7 ಅದೇ ವಂಶದ್ದು. ಚಲಿಸುವ ಭಾಗಗಳು ಕಡಿಮೆಯಾದುದರಿಂದ ಈ ಎಂಜಿನ್ನನ್ನು ಮನೆಯ ಮೇಜಿನ ಮೇಲೆಯೇ ಬಿಚ್ಚಿ ಜೋಡಿಸುವವರಿದ್ದಾರೆ. ಆದರೆ ಅದಕ್ಕೊಂದು ಶಿಸ್ತು ಬೇಕು. ಸೀಲುಗಳ ಸವಕಳಿ ತಡೆಯಲು ಎಂಜಿನ್ ತಾನೇ ಸ್ವಲ್ಪ ಆಯಿಲನ್ನು ಸುಡುತ್ತದೆ, ಹಾಗಾಗಿ ಆಯಿಲ್ ಮಟ್ಟವನ್ನು ಆಗಾಗ ನೋಡುತ್ತಿರಬೇಕು. ತಣ್ಣಗಿರುವಾಗ ಚಾಲೂ ಮಾಡಿ, ಎರಡು ಮಾರು ಸರಿಸಿ, ಕೂಡಲೇ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಚಾಲೂ ಆಗಲು ಮುನಿಸಿಕೊಳ್ಳುತ್ತದೆ. ಯಾವ ಕೈಪಿಡಿಯನ್ನು ಓದಿದರೂ ಇದು ಕೈಗೆ ಹತ್ತುವುದು ಜೊತೆಯಲ್ಲಿ ಬಾಳಿದಾಗಲೇ.

ಕೈ ಎಷ್ಟೇ ಪಳಗಿದರೂ ಬಿಡಿಭಾಗ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ತಗಡನ್ನು ಬಗ್ಗಿಸಬಹುದು, ರಬ್ಬರ್ ಪಟ್ಟಿ, ವಯರಿಂಗ್, ಎಲೆಕ್ಟ್ರಾನಿಕ್ ಡಬ್ಬಿಗಳನ್ನು ಅಂಗಳದಲ್ಲಿ ತಯಾರಿಸಲಾಗದು. ಎಂಬತ್ತು ತೊಂಬತ್ತರ ದಶಕದ ಕಾರುಗಳ ಎಂಜಿನ್ ಕಂಪ್ಯೂಟರುಗಳಲ್ಲಿ ಕೆಪಾಸಿಟರುಗಳು ಸೋರಿ ಸರ್ಕ್ಯೂಟನ್ನೇ ಕೊರೆಯುತ್ತವೆ. ಇಲ್ಲಿ ಜಪಾನಿನ ಕಂಪನಿಗಳನ್ನು ಮೆಚ್ಚಬೇಕು. ಹೋಂಡಾ 1993ರಿಂದಲೇ ತನ್ನ ಎನ್‌ಎಸ್‌ಎಕ್ಸ್ ಕಾರುಗಳನ್ನು ಮರಳಿ ಕರೆಸಿಕೊಂಡು ನವೀಕರಿಸುವ ಯೋಜನೆ ನಡೆಸಿತು. 2017ರಲ್ಲಿ ಮಾಜ್ದಾ 1989ರ ಮೊದಲ ರೋಡ್‌ಸ್ಟರಿಗೆ ಪುನರುಜ್ಜೀವನ ಸೇವೆಯನ್ನು ಪ್ರಕಟಿಸಿ, ಮಡಚುವ ಬಟ್ಟೆಯ ಮಾಡು, ಮರದ ಸ್ಟಿಯರಿಂಗ್, ಆ ಕಾಲದ ಟೈರುಗಳನ್ನು ಸಹ ಮತ್ತೆ ಮಾಡಿಸಿತು. ಅದೇ ವರ್ಷ ನಿಸ್ಸಾನ್ ಆರ್32 ಸ್ಕೈಲೈನ್ ಜಿಟಿ-ಆರ್‌ನ ಭಾಗಗಳನ್ನು ಮರುತಯಾರಿಸತೊಡಗಿತು. 2020ರಲ್ಲಿ ಟೊಯೋಟಾ ಸುಪ್ರಾ ಮತ್ತು 2000ಜಿಟಿಗಳಿಗಾಗಿ ಇಂಥದೇ ಕೆಲಸಕ್ಕೆ ಕೈಹಾಕಿತು.

ಇದು ದಾನವಲ್ಲ, ವ್ಯಾಪಾರ, ಬೆಲೆಗಳೂ ಅಗ್ಗವಲ್ಲ. ಆದರೂ ತಾನು ಮೂವತ್ತು ವರ್ಷದ ಹಿಂದೆ ಮಾರಿದ ವಸ್ತುವಿಗೆ ಇಂದಿಗೂ ತಾನು ಉತ್ತರದಾಯಿ ಎಂದು ಕಂಪನಿಯೊಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಸೋಜಿಗವೆಂದರೆ ಅದೇ ಜಪಾನಿನ ಸರ್ಕಾರ 13 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ವಾರ್ಷಿಕ ತೆರಿಗೆಯನ್ನು ಸುಮಾರು ಶೇ. 15ರಷ್ಟು ಏರಿಸುತ್ತದೆ. ಕಂಪನಿ ಉಳಿಸಿಕೋ ಎನ್ನುತ್ತದೆ, ಸರ್ಕಾರ ಬಿಟ್ಟುಬಿಡು ಎನ್ನುತ್ತದೆ. ಇನ್ನು ಅಮೆರಿಕದಲ್ಲಿ 25 ವರ್ಷ ತುಂಬಿದ ವಿದೇಶಿ ಕಾರುಗಳಿಗೆ ಆಮದು ಸಡಿಲಿಕೆ ಇರುವುದರಿಂದ, 2014ರ ಹೊತ್ತಿಗೆ ಆರ್32 ಅಲ್ಲಿಗೆ ಕಾನೂನುಬದ್ಧವಾಗಿ ಹೋಗತೊಡಗಿತು, ಬೆಲೆ ಗಗನಕ್ಕೇರಿತು. ಸಾಧಾರಣ ಸಂಬಳದವನು ಕೊಂಡು ಓಡಿಸಿ, ಭಾನುವಾರ ತಾನೇ ಕೈಯಾರೆ ದುರಸ್ತಿ ಮಾಡುತ್ತಿದ್ದ ಕಾರು ಹವಾನಿಯಂತ್ರಿತ ಗೋದಾಮಿನ ಹೂಡಿಕೆಯಾಯಿತು. ಓಡದೆ ನಿಂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಬ್ರೇಕುಗಳು ಹಿಡಿದುಕೊಳ್ಳುತ್ತವೆ, ಟ್ಯಾಂಕಿನೊಳಗೆ ಪೆಟ್ರೋಲ್ ಕೆಟ್ಟು ಗೋಂದಾಗುತ್ತದೆ. ಜಂಗಮವಾಗಿರಬೇಕಾದ್ದನ್ನು ಸ್ಥಾವರ ಮಾಡಿದ ಫಲ.

ನಮ್ಮ ದೇಶದ ಸಂಗತಿ ಬೇರೆ ಬಗೆಯದು. ಸೇವಾ ನಿಯಮಗಳ ಗೆರೆಯೊಳಗೆ ನಿಂತೇ ಹೇಳುವುದಾದರೆ, ಇಲ್ಲಿ ಎರಡು ನಿಯಮಗಳು ಒಂದನ್ನೊಂದು ನೋಡಿಯೇ ಇಲ್ಲ. ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಕೂಡದೆಂಬ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಅಂಥ ವಾಹನಗಳಿಗೆ ಇಂಧನವನ್ನೇ ನಿರಾಕರಿಸಲು ಹೊರಟು, ಕೆಲವೇ ದಿನಗಳಲ್ಲಿ ಹಿಂದೆ ಸರಿದದ್ದೂ ಆಯಿತು. ಬಿಗಿ ಆಗಾಗ ಸಡಿಲವಾದರೂ ವಯಸ್ಸನ್ನೇ ಅಪರಾಧವೆಂದು ಎಣಿಸುವ ಬುದ್ಧಿ ಹೋಗಿಲ್ಲ. ಇನ್ನೊಂದೆಡೆ, 2021ರ ಕೇಂದ್ರ ನಿಯಮದಂತೆ 50 ವರ್ಷ ತುಂಬಿದ ವಾಹನವನ್ನು 20,000 ರೂಪಾಯಿ ಕಟ್ಟಿ ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅದರ ಛಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹದಿನೈದರಲ್ಲಿ ಗುಜರಿಗೆ ಹೋಗಬೇಕಾದದ್ದು ಐವತ್ತನ್ನು ತಲುಪುವುದು ಹೇಗೆ? ನಡುವಿನ 35 ವರ್ಷ ಅದು ಎಲ್ಲಿರಬೇಕು?

ಚಳಿಗಾಲದ ದೆಹಲಿಯಲ್ಲಿ ಉಸಿರಾಡುವ ನಾವು ಹೊಗೆಯ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆವು. ಕೆಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಎಂಜಿನ್ ಪ್ರತಿ ಕಿಲೋಮೀಟರಿಗೆ ಹೆಚ್ಚು ವಿಷ ಕಾರುತ್ತದೆ, ನಿಜ. ಆದರೆ ದಿನವೂ ಕಚೇರಿಗೆ ಓಡುವ ಟ್ಯಾಕ್ಸಿಯನ್ನೂ ತಿಂಗಳಿಗೆರಡು ಭಾನುವಾರ ಹೊರಬರುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಳೆಯಬೇಕಾದದ್ದು ಹುಟ್ಟಿದ ವರ್ಷವನ್ನಲ್ಲ, ಹೊಗೆಯನ್ನೂ ಓಡಿದ ದೂರವನ್ನೂ. ಹದಿನೈದಕ್ಕೂ ಐವತ್ತಕ್ಕೂ ನಡುವೆ ಇನ್ನೊಂದು ವರ್ಗವಿರಲಿ: ವರ್ಷಕ್ಕಿಷ್ಟೇ ಕಿಲೋಮೀಟರು, ಪ್ರತಿವರ್ಷ ಕಟ್ಟುನಿಟ್ಟಿನ ತಪಾಸಣೆ, ಮಾಲಿನ್ಯ ತೀವ್ರವಾದ ದಿನಗಳಲ್ಲಿ ಸಂಪೂರ್ಣ ನಿಷೇಧ. ಮೂಲ ಕಾರ್ಬ್ಯುರೇಟರನ್ನು ಜೋಪಾನವಾಗಿಟ್ಟು ಶುದ್ಧವಾಗಿ ಉರಿಯುವ ಸಾಧನವನ್ನು ಅಳವಡಿಸಿಕೊಂಡವನನ್ನು ‘ಮಾರ್ಪಾಡು’ ಎಂದು ದಂಡಿಸಬೇಡಿ.

ಮತ್ತೊಂದು ಕೋರಿಕೆ ಗುಜರಿ ಕೇಂದ್ರಗಳ ಕುರಿತು. ದೆಹಲಿಯ ಮಾಯಾಪುರಿಯಂಥ ಮಾರುಕಟ್ಟೆಗಳಲ್ಲಿ ಒಂದು ಕಾರಿನ ಸಾವು ಇನ್ನೊಂದರ ಆಯುಷ್ಯವಾಗುತ್ತಿತ್ತು: ಬಾಗಿಲ ಹಿಡಿ, ಡೈನಮೊ, ಮೀಟರ್ ಬೋರ್ಡು. ಹಿಂಡಿ ಉಂಡೆ ಮಾಡುವ ಯಂತ್ರಕ್ಕೆ ಇಡಿಯಾಗಿ ನೂಕುವ ಮೊದಲು, ಮರುಬಳಕೆಗೆ ಯೋಗ್ಯವಾದ ಭಾಗಗಳನ್ನು ಪಟ್ಟಿ ಮಾಡಿ ಬಿಚ್ಚಿ ಮಾರುವುದನ್ನು ಕಡ್ಡಾಯ ಮಾಡಲಿ. 1983ರ ಡಿಸೆಂಬರಿನಲ್ಲಿ ಹೊರಬಂದ ಮೊದಲ ಮಾರುತಿ 800ಗಳಿಗೆ ಐವತ್ತು ತುಂಬುವುದು 2033ರಲ್ಲಿ. ಅವು ಸ್ಪೋರ್ಟ್ಸ್ ಕಾರುಗಳಲ್ಲ, ನಿಜ. ಆದರೆ ಮೈಯಲ್ಲಿ ಇರುವುದು ಜಪಾನಿನ ಅದೇ ಸ್ಕ್ರೂಗಳು. ಬಾಡಿಗೆ ಮನೆಯ ಮುಂದೆ ಅವುಗಳಲ್ಲೊಂದನ್ನು ತಗಡು ತಗಡಾಗಿ ಕಾಯ್ದುಕೊಂಡವನಿಗೆ ಆ ಹೊತ್ತಿಗೆ ಒಂದು ರೇಡಿಯೇಟರ್ ಸಿಗಬೇಕು.