ಶೇಕಡಾ ಎಷ್ಟು? ಯಾವ ಬೆಳಕಿನಲ್ಲಿ?

ಮಕ್ಕಳೇ, ಸೌರಕೋಶ ಎಂದೊಡನೆ ಚಾವಣಿಯ ಮೇಲಿನ ಸಿಲಿಕಾನ್ ಫಲಕ ನಿಮಗೆ ನೆನಪಾಗಬಹುದು. ಇಂಗಾಲದ ಸಂಯುಕ್ತಗಳನ್ನು ತೆಳುವಾಗಿ ಬಳಿದು ಮಾಡುವ ಸಾವಯವ ಸೌರಕೋಶಗಳೂ ಇವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇವುಗಳ ಅಧ್ಯಯನ ನಡೆದಿದೆ. 1986ರಲ್ಲಿ ಸುಮಾರು ಶೇ. 1 ಇದ್ದ ಇವುಗಳ ದಕ್ಷತೆ ಈಗ ಪ್ರಯೋಗಾಲಯದಲ್ಲಿ ಶೇ. 20ನ್ನು ತಲುಪಿದೆ.

ಆದರೆ ಅಳೆದದ್ದು ಹೇಗೆ? ಇದಕ್ಕೆ ಜಗತ್ತೆಲ್ಲ ಒಪ್ಪಿದ ನಿಯಮವಿದೆ. ಚದರ ಮೀಟರಿಗೆ 1000 ವಾಟ್ ಬೆಳಕು ಬೀಳಬೇಕು. ಅದರ ಬಣ್ಣಗಳ ಪ್ರಮಾಣ ಬಿಸಿಲಿನಂತಿರಬೇಕು. ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಗ 200 ವಾಟ್ ವಿದ್ಯುತ್ ಬಂದರೆ ದಕ್ಷತೆ ಶೇ. 20.

ಎರಡು ಕೋಶಗಳನ್ನು ಒಂದರ ಮೇಲೊಂದು ಸರಣಿಯಲ್ಲಿ ಜೋಡಿಸಿದರೆ ಅಳತೆ ಇನ್ನೂ ಸೂಕ್ಷ್ಮ. ಮೇಲಿನದು ಕೆಲವು ಬಣ್ಣಗಳನ್ನು ಹೀರುತ್ತದೆ, ಕೆಳಗಿನದು ಉಳಿದವನ್ನು. ಮಾಗಡಿಯ ಹೊಲದ ಜೋಡೆತ್ತುಗಳನ್ನು ನೋಡಿ: ಒಂದು ನಿಧಾನವಾದರೆ ನೇಗಿಲೇ ನಿಧಾನ. ಹಾಗೆಯೇ ಕಡಿಮೆ ಪ್ರವಾಹ ಕೊಡುವ ಕೋಶ ಇಡೀ ಜೋಡಿಯನ್ನು ತಡೆಯುತ್ತದೆ. ದೀಪದಲ್ಲಿ ಕೆಂಪು ಕಡಿಮೆಯಿದ್ದರೆ ಕೆಂಪು ಹೀರುವ ಕೋಶ ಸೊರಗಿ, ಒಳ್ಳೆಯ ಜೋಡಿಯೂ ಕಳಪೆ ಎನಿಸುತ್ತದೆ.

ಒಮ್ಮೆ ಕನಕಪುರದ ಕಡೆ ಒಂದು ಶಾಲೆಯಲ್ಲಿ ಇಬ್ಬರು ಮಕ್ಕಳು ಒಂದೇ ಸೌರಕೋಶವನ್ನು ಅಳೆದರು. ಉತ್ತರ ಬೇರೆ ಬೇರೆ ಬಂತು. "ಒಬ್ಬರದು ತಪ್ಪು" ಎಂದುಬಿಟ್ಟೆ. ಹುಡುಗಿ ಅಳೆದದ್ದು ಬಿಸಿಲಿನಲ್ಲಿ, ಹುಡುಗ ಬಲ್ಬಿನ ಕೆಳಗೆ. ಕೇಳದೆ ತೀರ್ಪು ಕೊಟ್ಟ ತಪ್ಪು ನನ್ನದು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೇ: ಹೇಗೆ ಅಳೆದರೆಂದು ಹೇಳದ ಸಂಖ್ಯೆಯನ್ನು, ಅದು ಯಾರದೇ ಇರಲಿ, ಹಾಗೆಯೇ ಒಪ್ಪಬೇಡಿ. ನಿಮ್ಮ ಪುಸ್ತಕದಲ್ಲಿ ಅಳತೆಯ ಪಕ್ಕದಲ್ಲಿ ಬೆಳಕು, ಸಮಯ, ಕೋಶದ ವಿಸ್ತೀರ್ಣವನ್ನೂ ಬರೆಯಿರಿ.