ಸಂಶೋಧನೆಗೆ ಬೇಕಿರುವುದು ಶಿಫಾರಸಲ್ಲ, ಮನೆಯ ಸಮ್ಮತಿ

ಹೊರನಾಡಿನ ಕನ್ನಡ ಜೈನ ಕುಟುಂಬಗಳಲ್ಲಿ ವಿದ್ಯೆಯ ಹಂಬಲಕ್ಕೆ ಕೊರತೆಯಿಲ್ಲ. ಆದರೆ ಆ ಹಂಬಲ ಬಿ.ಇ., ಎಂ.ಬಿ.ಎ., ಸಿ.ಎ.ಗಳ ಹೊಸ್ತಿಲನ್ನು ದಾಟುವುದು ವಿರಳ. ಐಐಟಿಯಲ್ಲಿ ಪಿಎಚ್.ಡಿ. ಮಾಡುವೆನೆಂದು ಮಕ್ಕಳು ಹೇಳಿದೊಡನೆ ಹಿರಿಯರಿಂದ ಮೂರು ಪ್ರಶ್ನೆಗಳು ಬರುತ್ತವೆ: ಖರ್ಚೆಷ್ಟು? ಒಳಗೆ ಪರಿಚಿತರು ಯಾರಿದ್ದಾರೆ? ಮದುವೆ ಯಾವಾಗ?

ಮೊದಲನೆಯದಕ್ಕೆ ಲೆಕ್ಕವೇ ಉತ್ತರ. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಶಿಪ್ 42,000 ರೂಪಾಯಿ. ಮೊದಲಿನ ಎರಡು ವರ್ಷ, ನಂತರದ ಮೂರು ವರ್ಷ ಸೇರಿದರೆ ಒಟ್ಟು 24 ಲಕ್ಷ. ಸಾಫ್ಟ್‌ವೇರ್ ಸಂಬಳದ ಮುಂದೆ ಇದು ಅಲ್ಪವೆಂಬುದು ನಿಜ. ಫೆಲೋಶಿಪ್ ಕೆಲವೊಮ್ಮೆ ತಡವಾಗಿ ಕೈಸೇರುವುದೂ ನಿಜ. ಆದರೆ ಎಂ.ಬಿ.ಎ.ಗಾಗಿ ಲಕ್ಷಾಂತರ ಸಾಲ ತರುವ ತಂದೆ, ವೇತನ ಕೊಟ್ಟು ಕಲಿಸುವ ವಿದ್ಯೆಯನ್ನು ದುಂದೆಂದು ಕರೆಯುವುದು ಯಾವ ಲೆಕ್ಕಶಾಸ್ತ್ರ?

ಎರಡನೆಯ ಪ್ರಶ್ನೆ ಇನ್ನೂ ಹಾನಿಕರ. ಐಐಟಿಗಳು ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ಪಿಎಚ್.ಡಿ. ಪ್ರವೇಶದ ಪ್ರಕಟಣೆ ಹೊರಡಿಸುತ್ತವೆ. ಗೇಟ್ ಅಂಕಕ್ಕೆ ಮೂರು ವರ್ಷಗಳ ಮಾನ್ಯತೆಯಿದೆ. ನಿಗದಿತ ಅರ್ಹತೆಯಿದ್ದರೆ ಬಿ.ಟೆಕ್. ಪದವೀಧರರೂ ನೇರವಾಗಿ ಅರ್ಜಿ ಸಲ್ಲಿಸಬಹುದು. ಇದಲ್ಲದೆ ಪ್ರಾಯೋಜಿತ ಯೋಜನೆಗಳ ಹುದ್ದೆಗಳಿವೆ. ಮುಂಬಯಿಯಲ್ಲಿ ಐಆರ್‌ಸಿಸಿ, ಮದ್ರಾಸಿನಲ್ಲಿ ಐಸಿ ಅಂಡ್ ಎಸ್‌ಆರ್, ದೆಹಲಿಯಲ್ಲಿ ಐಆರ್‌ಡಿ ಕಚೇರಿಗಳು ಅವುಗಳ ಜಾಹೀರಾತು ನೀಡುತ್ತವೆ. ಇಂಥ ಹುದ್ದೆಯಲ್ಲಿ ಒಂದು ವರ್ಷ ದುಡಿದವರಿಗೆ ವಿಷಯದ ಪರಿಚಯವಾಗುತ್ತದೆ, ಅವರ ಸಾಮರ್ಥ್ಯವೂ ಪ್ರಾಧ್ಯಾಪಕರಿಗೆ ತಿಳಿಯುತ್ತದೆ. ಪೊವಾಯಿಯ ಪಕ್ಕದಲ್ಲೇ ವಾಸಿಸುವ ಕುಟುಂಬಗಳು ಈ ಪ್ರಕಟಣೆಗಳನ್ನು ಓದದೆ, ಶಿಫಾರಸಿಗಾಗಿ ಬಂಧುಗಳ ಮನೆಬಾಗಿಲು ತಟ್ಟುತ್ತವೆ. ಐವತ್ತು ಪ್ರಾಧ್ಯಾಪಕರಿಗೆ ಕಳುಹಿಸಿದ ಒಂದೇ ಒಕ್ಕಣೆಯ ಪತ್ರ ಬಹುತೇಕ ಓದಿಸಿಕೊಳ್ಳದೆ ಹೋಗುತ್ತದೆ. ಒಬ್ಬರ ಎರಡು ಪ್ರಬಂಧಗಳನ್ನು ಓದಿ, ಅಲ್ಲಿ ಉಳಿದ ಒಂದು ಪ್ರಶ್ನೆಯನ್ನು ಹಿಡಿದು ಬರೆದ ಅರ್ಧ ಪುಟಕ್ಕೆ ಉತ್ತರ ಬರುವ ಸಂಭವ ಹೆಚ್ಚು.

ಮೂರನೆಯ ಪ್ರಶ್ನೆಯನ್ನು ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಕೇಳಲಾಗುತ್ತದೆ. ವರನ ಜಾತಕದ ಜೊತೆಗೆ ಪ್ಯಾಕೇಜನ್ನೂ ತೂಗುವ ಸಮಾಜ, ಸಂಶೋಧಕಿಯ ಐದು ವರ್ಷಗಳನ್ನು ಮಾತ್ರ ವಯಸ್ಸಿನ ನಷ್ಟವೆಂದು ಬರೆದುಕೊಳ್ಳುತ್ತದೆ. ಈ ಅನ್ಯಾಯಕ್ಕೆ ಯಾವ ಆಗಮದ ಆಧಾರವೂ ಬೇಕಿಲ್ಲವೆಂಬಂತೆ ಎಲ್ಲರೂ ಸುಮ್ಮನಿದ್ದಾರೆ.

ವಣಿಕ ಮನೆತನದಲ್ಲಿ ಹುಟ್ಟಿದ ವಿಕ್ರಮ್ ಸಾರಾಭಾಯಿ ಕೇಂಬ್ರಿಡ್ಜಿನ ಡಾಕ್ಟರೇಟ್ ಪಡೆದು, 1947ರಲ್ಲೇ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಮಾಜ, ತನ್ನ ಮನೆಯ ಮಗುವಿಗೆ ಅದೇ ದಾರಿಯನ್ನು ನಿರಾಕರಿಸುತ್ತದೆ.

ಟ್ರಸ್ಟುಗಳ ವಿದ್ಯಾರ್ಥಿವೇತನ ಪದವಿಗೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ಅರ್ಜಿ ಶುಲ್ಕ ಹಾಗೂ ಸಂದರ್ಶನದ ಪ್ರಯಾಣವೆಚ್ಚ, ಫೆಲೋಶಿಪ್ ತಡವಾದಾಗ ಬಡ್ಡಿಯಿಲ್ಲದ ಕೈಸಾಲ, ಡಾಕ್ಟರೇಟ್ ಪಡೆದವರಿಂದ ಮಾರ್ಗದರ್ಶನ: ಇಷ್ಟು ಸಾಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ವೇದಿಕೆಗಳಲ್ಲಿ ಹೇಳಲಾಗುತ್ತದೆ. ಅವಳ ಹೆಸರು ಹೇಳುವ ಟ್ರಸ್ಟುಗಳು ಮುಂದಿನ ಆಯವ್ಯಯದಲ್ಲಿ ಸಂಶೋಧನಾರ್ಥಿಗಳಿಗೆಂದು ಒಂದು ಬಾಬ್ತನ್ನಾದರೂ ತೆರೆಯಲಿ.